ಗಡಿನಾಡಿನ ಮೂರನೆಯ ಭಾಷೆ

ಕರ್ನಾಟಕ-ಮಹಾರಾಷ್ಟ್ರ ಗಡಿಯ ಈ ಸೀಮೆಯ ಯಾವ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತರೂ ಗಡಿನಾಡು ಎಂದರೇನೆಂದು ಕಿವಿಗೇ ತಿಳಿಯುತ್ತದೆ. ಕಂಡಕ್ಟರ್ ಮರಾಠಿಯಲ್ಲಿ ಊರ ಹೆಸರು ಕೂಗುತ್ತಾನೆ. ಬುಟ್ಟಿ ಇಳಿಸಿದ ಅಜ್ಜಿ ‘ಸಂಕೇಶ್ವರಕ್ಕ ಹೋಗತೈತೇನೋ ತಮ್ಮಾ?’ ಎಂದು ಕನ್ನಡದಲ್ಲಿ ಕೇಳುತ್ತಾಳೆ. ಅವನು ಅರ್ಧ ಕನ್ನಡ, ಅರ್ಧ ಮರಾಠಿ ಬೆರೆಸಿ ಉತ್ತರ ಕೊಡುತ್ತಾನೆ. ಪಕ್ಕದ ಬೆಂಚಿನಲ್ಲಿ ಯಾರೋ ‘ಮಾವಶಿ, ಜೇವಣ ಆತೇನ್ರಿ?’ ಅನ್ನುತ್ತಾರೆ. ಆ ಮೂರು ಪದಗಳ ಮಾತಿನಲ್ಲಿ ಎರಡು ರಾಜ್ಯಗಳು ಹೆಗಲಿಗೆ ಹೆಗಲು ತಾಗಿಸಿ ಕೂತಿರುತ್ತವೆ. ಇಲ್ಲಿಯ ಮಕ್ಕಳು ಮಳೆಯಲ್ಲಿ ನೆನೆದಂತೆ ಎರಡು ಭಾಷೆಗಳಲ್ಲಿ ನೆನೆದು ಬೆಳೆಯುತ್ತಾರೆ.

ಕೊಲ್ಹಾಪುರ ಜಿಲ್ಲೆ, ಗಡಹಿಂಗ್ಲಜ ತಾಲ್ಲೂಕಿನ ನೇಸರಿಯನ್ನು ಹೊರಗಿನವರು ಬಲ್ಲುದು ಒಂದು ಕಾಳಗದಿಂದ. 1674ರ ಫೆಬ್ರುವರಿ 24ರಂದು ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಆರು ಮಂದಿ ಸಂಗಡಿಗರೊಡನೆ ಬಿಜಾಪುರದ ಸರದಾರ ಬಹಲೋಲ್ ಖಾನನ ಸೇನೆಯ ಮೇಲೆ ನುಗ್ಗಿ ಮಡಿದ ನೆಲ ಇದು. ಆ ಕಥೆಯನ್ನು ಇಲ್ಲಿಯ ಮಗು ಅಜ್ಜನ ತೊಡೆಯ ಮೇಲೆ ಕೂತು ಕೇಳುತ್ತದೆ. ‘ಕೇಳುತ್ತದೆ’ ಎಂದು ಬರೆಯುವಾಗ ನಾವು ಯೋಚಿಸುವುದೇ ಇಲ್ಲ. ಊರಿನ ಕಥೆ, ದೇವರ ಹೆಸರು, ಕಾಕಾ ಯಾರು, ಸೋದರತ್ತೆ ಯಾರು, ಯಾವ ನೀರಿಗೆ ಇಳಿಯಬಾರದು, ಯಾರಿಗೆ ‘ಬರ್ರಿ’ ಅನ್ನಬೇಕು, ಯಾರಿಗೆ ‘ಬಾ’ ಅಂದರೂ ನಡೆಯುತ್ತದೆ ಎಂಬುದೆಲ್ಲ ಮಗುವಿಗೆ ಕಿವಿಯಿಂದಲೇ ಬರುತ್ತದೆ. ಯಾರೂ ಪಾಠ ಮಾಡಿರುವುದಿಲ್ಲ. ಅಡುಗೆ ಮನೆಯ ಮಾತು ಅಂಗಳಕ್ಕೆ ಕೇಳಿಸಿದ್ದೇ ಪಾಠ.

ಈಗ ಆ ಮಳೆಯಲ್ಲಿ ಒಂದು ಹನಿಯೂ ತಾಗದೆ ಕೂತಿರುವ ಮಗುವೊಂದನ್ನು ನೆನೆಯಿರಿ. ಕಿವಿ ಕೇಳದೆ ಹುಟ್ಟಿದ ಮಗುವಿಗೆ ಎರಡು ಭಾಷೆಗಳ ಸೀಮೆಯಲ್ಲಿ ಒಂದು ಭಾಷೆಯೂ ದಕ್ಕದೆ ಹೋಗಬಹುದು. ಗಡಿಯಲ್ಲಿ ನಾವು ಫಲಕದ ಭಾಷೆಗಾಗಿ, ಶಾಲೆಯ ಭಾಷೆಗಾಗಿ, ಕಚೇರಿಯ ಭಾಷೆಗಾಗಿ ದಶಕಗಳಿಂದ ಜಗಳವಾಡಿದ್ದೇವೆ. ಯಾವ ಭಾಷೆಯೂ ಇಲ್ಲದೆ ಐದಾರು ವರ್ಷ ಕಳೆಯುವ ಮಗುವಿನ ಪ್ರಶ್ನೆ ಆ ಜಗಳದಲ್ಲಿ ಒಮ್ಮೆಯೂ ಬಂದಿಲ್ಲ. ನನ್ನ ಮಟ್ಟಿಗೆ ಗಡಿನಾಡಿನ ಅತಿ ದೊಡ್ಡ ಭಾಷಾ ಸಮಸ್ಯೆ ಅದೇ.

ಹುಟ್ಟಿದ ಮಗುವಿಗೆ ಮೂರು ಗಡುವು

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿತು. ಅವರಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿ ಶ್ರವಣದೋಷವುಳ್ಳವರು. ಕಣ್ಣಿಗೆ ಕಾಣದ ಊನ ಇದು. ಊರುಗೋಲಿಲ್ಲ, ಗಾಲಿ ಕುರ್ಚಿಯಿಲ್ಲ. ತೊಟ್ಟಿಲಲ್ಲಿ ನಗುವ ಮಗು ಎಲ್ಲ ಮಕ್ಕಳಂತೆಯೇ ಕಾಣುತ್ತದೆ. ಆರೇಳು ತಿಂಗಳವರೆಗೆ ಅದು ಗಿಳಿಯಂತೆ ಸದ್ದನ್ನೂ ಮಾಡುತ್ತದೆ. ಆಮೇಲೆ ಆ ಸದ್ದು ಮೆಲ್ಲಗೆ ಇಳಿಯುತ್ತದೆ. ಮನೆಯವರಿಗೆ ಅನುಮಾನ ಬರುವಷ್ಟರಲ್ಲಿ ಮಗುವಿಗೆ ಎರಡು ವರ್ಷ ತುಂಬಿರುತ್ತದೆ.

ಆಗಲೂ ಸಮಾಧಾನದ ಮಾತುಗಳಿಗೆ ಬರವಿಲ್ಲ. ‘ಅವರಪ್ಪನೂ ತಡಾ ಮಾಡೇ ಮಾತಾಡಿದಾಂವ’, ‘ಗಂಡು ಹುಡುಗರು ನಿಧಾನ’, ‘ನಾಲಿಗೆ ದಪ್ಪ ಐತಿ, ಜೇನುತುಪ್ಪ ಹಚ್ಚರಿ’. ಹರಕೆ ಹೊರುತ್ತಾರೆ, ತಾಯತ ಕಟ್ಟುತ್ತಾರೆ. ಹರಕೆ ಹೊತ್ತವರ ಪ್ರೀತಿಯನ್ನು ಯಾರೂ ಹಳಿಯಬೇಕಿಲ್ಲ. ಆದರೆ ಮಗುವಿನ ಮಿದುಳು ಭಾಷೆಗಾಗಿ ಬಾಗಿಲು ತೆರೆದು ಕಾಯುವ ಕಾಲ ಮೊದಲ ಮೂರು ವರ್ಷ. ಐದು ದಾಟುತ್ತಿದ್ದಂತೆ ಆ ಬಾಗಿಲು ಮುಚ್ಚಿಕೊಳ್ಳುತ್ತ ಬರುತ್ತದೆ. ಹರಕೆಯ ಜೊತೆಗೇ ತಪಾಸಣೆಯೂ ನಡೆಯಬೇಕು, ಅದಾದ ಮೇಲೆ ಎಂದು ಕಾಯಬಾರದು.

ಜಗತ್ತಿನಾದ್ಯಂತ ವೈದ್ಯರು ಒಪ್ಪಿಕೊಂಡ ಲೆಕ್ಕ ಸರಳವಾಗಿದೆ: ಒಂದು, ಮೂರು, ಆರು. ಮಗುವಿಗೆ ಒಂದು ತಿಂಗಳಾಗುವುದರೊಳಗೆ ಕಿವಿಯ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ಭಾಷಾ ತರಬೇತಿಯ ಆರಂಭ. ಮೊದಲ ತಪಾಸಣೆಗೆ ‘ಒಎಇ’ ಎನ್ನುತ್ತಾರೆ. ಮಲಗಿದ ಮಗುವಿನ ಕಿವಿಯಲ್ಲಿ ಚಿಕ್ಕ ಬಿರಡೆಯಿಟ್ಟು ಸಣ್ಣ ಸದ್ದು ಕಳಿಸಿದರೆ ಒಳಗಿವಿ ಅದಕ್ಕೆ ಮರುಸದ್ದು ಕೊಡುತ್ತದೆಯೇ ಎಂದು ಯಂತ್ರ ನೋಡುತ್ತದೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ, ಸೂಜಿಯಿಲ್ಲ. ಅದರಲ್ಲಿ ಸಂಶಯ ಬಂದರೆ ‘ಬೆರಾ’ ಪರೀಕ್ಷೆ. ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ಎಂಬುದನ್ನು ಅದು ಹೇಳುತ್ತದೆ.

ಕೇಂದ್ರ ಸರ್ಕಾರದ ಕಿವುಡುತನ ತಡೆ ಕಾರ್ಯಕ್ರಮ 2006-07ರಲ್ಲಿ ಶುರುವಾಯಿತು. 2013ರಲ್ಲಿ ಇದೇ ಮಹಾರಾಷ್ಟ್ರದ ಪಾಲಘರದಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೊರಟಿತು. ಹುಟ್ಟು ಕಿವುಡುತನವೂ ಅದರ ತಪಾಸಣೆ ಪಟ್ಟಿಯಲ್ಲಿದೆ. ಹೀಗಾಗಿ ವ್ಯವಸ್ಥೆ ಇಲ್ಲವೆಂದಲ್ಲ. ಆದರೆ ಹೊಲದ ಕೂಲಿ ಬಿಟ್ಟು, ನೇಸರಿಯಿಂದ ಗಡಹಿಂಗ್ಲಜಕ್ಕೆ, ಅಲ್ಲಿಂದ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಗೋ ಬೆಳಗಾವಿಗೋ ಮಿರಜಕ್ಕೋ ಮಗುವನ್ನೆತ್ತಿಕೊಂಡು ಮತ್ತೆ ಮತ್ತೆ ಹೋಗುವುದು ಬಡ ತಾಯಿಗೆ ಸುಲಭದ ಮಾತಲ್ಲ. ಒಂದು ಸಲ ಹೋದಾಗ ಮಗು ಮಲಗಲಿಲ್ಲವೆಂದು ಪರೀಕ್ಷೆ ಮುಂದೆ ಹೋದರೆ, ಆ ‘ಮುಂದೆ’ ಎಷ್ಟೋ ಸಲ ವರ್ಷವಾಗುತ್ತದೆ.

ಅದಕ್ಕೇ ಮನೆಯಲ್ಲೇ ಗಮನಿಸಬಹುದಾದ ಗುರುತುಗಳನ್ನು ಪ್ರತಿ ತಾಯಿಯೂ ತಿಳಿದಿರಬೇಕು. ಎಳೆಗೂಸು ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಬೇಕು. ಆರು ತಿಂಗಳಿಗೆ ಅವ್ವನ ದನಿ ಬಂದತ್ತ ಕತ್ತು ಹೊರಳಿಸಬೇಕು. ವರ್ಷ ತುಂಬುವಾಗ ಒಂದೆರಡು ಪದ ನುಡಿಯಬೇಕು. ಎರಡು ವರ್ಷಕ್ಕೆ ‘ಅವ್ವಾ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಕಾಯಬಾರದು.

ಕಾರಣಗಳನ್ನೂ ಮುಚ್ಚಿಡದೆ ಹೇಳಬೇಕು. ಗರ್ಭಿಣಿಗೆ ತಗಲುವ ರುಬೆಲ್ಲಾ, ಹುಟ್ಟಿದ ಮಗುವಿಗೆ ಮಿತಿಮೀರಿ ಏರಿದ ಕಾಮಾಲೆ, ಮೆದುಳು ಜ್ವರ, ಕಡಿಮೆ ತೂಕದ ಹುಟ್ಟು, ಒಳಗಿವಿಗೆ ನಂಜಾಗುವ ಕೆಲವು ಔಷಧಿಗಳು ಕಿವಿಯನ್ನು ಕೆಡಿಸುತ್ತವೆ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2018ರಲ್ಲಿ ನಡೆಯಿತು. ಆ ಲಸಿಕೆ ತಪ್ಪಿಸುವುದೆಂದರೆ ಮುಂದಿನ ಪೀಳಿಗೆಯ ಕಿವಿಯನ್ನು ಪಣಕ್ಕಿಟ್ಟಂತೆ. ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಕಾಸಿ ಹೊಯ್ಯುವುದು, ಬೆಂಕಿಕಡ್ಡಿಯಿಂದ ಕೆದಕುವುದು ಸಣ್ಣ ತೊಂದರೆಯನ್ನು ದೊಡ್ಡದು ಮಾಡುತ್ತದೆ. ಇನ್ನು ಸೋದರಿಕೆಯ ಮದುವೆ: ಕೃಷ್ಣೆಯ ಎರಡೂ ದಂಡೆಯಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗ ಎಂದು ಸಂಬಂಧ ಬೆಳೆಸುವ ರೂಢಿ ಹಳೆಯದು. ತಂದೆ, ತಾಯಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಅಡಗಿದ್ದರೆ, ಅವರಿಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತಿದ್ದರೂ ಮಗುವಿಗೆ ಕೇಳದಿರಬಹುದು. ಮನೆತನದಲ್ಲಿ ಈಗಾಗಲೇ ಅಂಥ ಮಗುವಿದ್ದರೆ ಮದುವೆಗೆ ಮುಂಚೆ ವೈದ್ಯರನ್ನು ಕೇಳುವುದರಲ್ಲಿ ಅವಮಾನವಿಲ್ಲ. ಬಾಲ್ಯದ ಶ್ರವಣದೋಷಗಳಲ್ಲಿ ಶೇ 60ರಷ್ಟನ್ನು ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಲಾಳಿಯ ಸದ್ದು

ಹುಟ್ಟಿದಾಗ ಚೆನ್ನಾಗಿದ್ದ ಕಿವಿಯನ್ನು ದುಡಿಮೆಯೇ ಕಸಿಯುವ ಊರೂ ಇದೇ ಜಿಲ್ಲೆಯಲ್ಲಿದೆ. ಇಚಲಕರಂಜಿ ಒಂದು ಕಾಲಕ್ಕೆ ನಾದದ ಊರು. ಗ್ವಾಲಿಯರ್ ಘರಾಣೆಯ ಖಯಾಲನ್ನು ಈ ಸೀಮೆಗೆ ತಂದ ಪಂಡಿತ ಬಾಲಕೃಷ್ಣಬುವಾ ತಮ್ಮ ಹೆಸರಿಗೇ ‘ಇಚಲಕರಂಜೀಕರ’ ಎಂದು ಸೇರಿಸಿಕೊಂಡವರು. ವಿಷ್ಣು ದಿಗಂಬರ ಪಲುಸ್ಕರರಂಥವರ ಗುರು. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಈ ಊರಲ್ಲಿ ಮೊದಲ ಪಾವರ್‌ಲೂಮ್ ಹಾಕಿದರು. ಅಂದು ಒಂದಾಗಿದ್ದ ಮಗ್ಗ ಮುಂದೆ ಊರನ್ನೇ ತುಂಬಿತು. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆಯಿಂದ ಕನ್ನಡದ ಕುಟುಂಬಗಳು ಮಗ್ಗದ ಕೆಲಸ ಹುಡುಕಿ ಬಂದವು. ರಬಕವಿ-ಬನಹಟ್ಟಿಯ ನೇಕಾರರಿಗೆ ಇಚಲಕರಂಜಿ ನೆಂಟರ ಊರಿದ್ದಂತೆ.

ಲಾಳಿ ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟವರಿಗೆ ಆ ಸದ್ದನ್ನು ವಿವರಿಸಬೇಕಿಲ್ಲ. ಹಾಸಿನ ಎಳೆಗಳ ನಡುವೆ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅತ್ತಿಂದಿತ್ತ ಹಾರುತ್ತದೆ. ಪ್ರತಿ ಸಲವೂ ಅದನ್ನು ಹೊಡೆದು ಕಳಿಸಬೇಕು, ಅತ್ತ ಕಡೆ ತಡೆದು ನಿಲ್ಲಿಸಬೇಕು. ಒಂದು ಮಗ್ಗದ ಆ ಹೊಡೆತ ಇಪ್ಪತ್ತು, ಮೂವತ್ತು ಮಗ್ಗಗಳದ್ದಾಗಿ ತಗಡಿನ ಛಾವಣಿಗೆ ಬಡಿದು ಮರಳಿದರೆ ಶೆಡ್ಡಿನ ಸದ್ದು 90 ಡೆಸಿಬಲ್ ದಾಟಿ 100ರ ಹತ್ತಿರ ಹೋಗುತ್ತದೆ. ಅಂಥ ಶೆಡ್ಡಿನಲ್ಲಿ ಹನ್ನೆರಡು ಗಂಟೆಯ ಪಾಳಿ ಇಲ್ಲಿ ಮಾಮೂಲು.

ಡೆಸಿಬಲ್ ಲೆಕ್ಕ ಮೋಸದ ಲೆಕ್ಕ. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ದುಡಿಯಬಹುದು ಎಂದು ತಜ್ಞರು ಹೇಳುತ್ತಾರೆ. ಅದೇ ಲೆಕ್ಕದಲ್ಲಿ 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಡೆಸಿಬಲ್‌ನಲ್ಲಿ ಬರಿಗಿವಿಯಿಂದ ನಿಲ್ಲಬಹುದಾದದ್ದು ಕಾಲು ಗಂಟೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಾಕ್ಲಿಯಾದಲ್ಲಿ ಹುಟ್ಟಿನಿಂದ ಬಂದ ರೋಮಕೋಶಗಳು ಸುಮಾರು 15,000. ಗಾಳಿಗೆ ಬಾಗಿದ ಜೋಳದ ಪೈರಿನಂತೆ ಅವು ದೊಡ್ಡ ಸದ್ದಿಗೆ ಬಾಗುತ್ತವೆ, ರಾತ್ರಿ ವಿಶ್ರಾಂತಿ ಸಿಕ್ಕರೆ ಏಳುತ್ತವೆ. ದಿನವೂ ಬಿರುಗಾಳಿಯಾದರೆ ಮುರಿಯುತ್ತವೆ. ಮುರಿದವು ಮತ್ತೆ ಚಿಗುರುವುದಿಲ್ಲ.

ಮೊದಲು ಹೋಗುವುದು ಎತ್ತರದ ಸ್ಥಾಯಿ. ಸ, ಶ, ಕ, ತ, ಪ ಇಂಥ ತೆಳು ವ್ಯಂಜನಗಳು ಅಲ್ಲೇ ಇವೆ. ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಸೋರಿಹೋಗುತ್ತವೆ. ಹತ್ತಿಯೋ ಕತ್ತಿಯೋ ಪತ್ತಿಯೋ ತಿಳಿಯದು. ‘ದನಿ ಕೇಳಸತೈತಿ, ಮಾತು ತಿಳಿಯಂಗಿಲ್ಲ’ ಎಂದು ಮಗ್ಗದವರು ಹೇಳುವುದು ಈ ರೋಗದ ಅತ್ಯಂತ ನಿಖರವಾದ ವಿವರಣೆ. ಅವರ ಮನೆಯ ಟೀವಿ ದನಿ ಏರುತ್ತದೆ. ಹೆಂಡತಿ ಕೂಗಿ ಕೂಗಿ ಸೋಲುತ್ತಾಳೆ. ಮೊಮ್ಮಗಳ ಸಣ್ಣ ದನಿಯ ಮಾತು ಅಜ್ಜನಿಗೆ ಮುಟ್ಟುವುದಿಲ್ಲ.

ಸದ್ದಿನಿಂದಾದ ಕಿವುಡುತನವನ್ನು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗವೆಂದು ಪಟ್ಟಿ ಮಾಡಿತ್ತು. ಆದರೆ ನಾಲ್ಕಾರು ಮಂದಿ ದುಡಿಯುವ ಸಣ್ಣ ಶೆಡ್ಡು ಆ ಕಾಯ್ದೆಯ ಬಲೆಗೆ ಬೀಳುವುದೇ ಕಷ್ಟವಾಗಿತ್ತು. ಕೆಲವೇ ರೂಪಾಯಿಯ ಫೋಮ್ ಬಿರಡೆಯನ್ನು ಸರಿಯಾಗಿ ಹಿಂಡಿ ಕಿವಿಗೆ ಇಟ್ಟುಕೊಂಡರೆ ಇಪ್ಪತ್ತು ಡೆಸಿಬಲ್‌ನಷ್ಟಾದರೂ ಸದ್ದು ಇಳಿಯುತ್ತದೆ. ಮಾಲೀಕರು, ಜಾಬರ್‌ಗಳು ಮನಸ್ಸು ಮಾಡಿದರೆ ನಾಳೆಯೇ ಆಗಬಹುದಾದ ಕೆಲಸ ಇದು. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿದರೆ ಹಾನಿ ಹೆಚ್ಚುವ ಮೊದಲೇ ಗೊತ್ತಾಗುತ್ತದೆ. ಗಣೇಶೋತ್ಸವದ ಮೆರವಣಿಗೆಯಲ್ಲಿ ‘ಡಾಲ್ಬಿ’ ಧ್ವನಿವರ್ಧಕಗಳ ಗೋಡೆಯ ಮುಂದೆ ತಾಸುಗಟ್ಟಲೆ ಕುಣಿಯುವ ಹುಡುಗರೂ ಇದೇ ದಾರಿಯಲ್ಲಿದ್ದಾರೆ. ಅವರಿಗೆ ಕೂಲಿಯ ಒತ್ತಾಯವೂ ಇಲ್ಲ.

ಮಗ್ಗದ ಶೆಡ್ಡು ಒಂದು ಸತ್ಯವನ್ನೂ ತೋರಿಸುತ್ತದೆ. ಆ ಸದ್ದಿನಲ್ಲಿ ಬಾಯಿಮಾತು ನಡೆಯದು. ನೂಲು ಹರಿದದ್ದು, ಕಂಡಿಕೆ ಮುಗಿದದ್ದು, ಚಹಾ ಬಂದದ್ದು, ಸೇಠ್ ಬಂದದ್ದು ಎಲ್ಲವನ್ನೂ ಅಲ್ಲಿ ಕೈ, ಕಣ್ಣು, ತುಟಿಗಳೇ ಹೇಳುತ್ತವೆ. ಕೈಯಿಂದ ಮಾತಾಡುವುದು ಮನುಷ್ಯನಿಗೆ ಸಹಜ ಎಂಬುದನ್ನು ಕಿವಿ ಕೇಳುವವರೇ ಅಲ್ಲಿ ದಿನವೂ ರುಜುವಾತು ಮಾಡುತ್ತಿದ್ದಾರೆ.

ಬಾಯಿಮಾತೋ, ಕೈಮಾತೋ

ಕಿವಿ ಕೇಳದ ಮಕ್ಕಳಿಗೆ ಶಾಲೆ ಬೇಕೆಂಬ ಅರಿವು ನಮ್ಮಲ್ಲಿ ಹೊಸದಲ್ಲ. ಮುಂಬೈಯಲ್ಲಿ 1880ರ ದಶಕದಲ್ಲಿ ಅಂಥ ಶಾಲೆ ಹುಟ್ಟಿತು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಹಾಗೂ ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದ ಶಾಹೂ ಮಹಾರಾಜರ ನೆಲ ಈ ಕೊಲ್ಹಾಪುರ. ‘ಎಲ್ಲ ಮಕ್ಕಳಿಗೂ’ ಎಂಬ ಆ ಮಾತಿನಲ್ಲಿ ಕಿವಿ ಕೇಳದ ಮಗುವನ್ನೂ ಎಣಿಸುವ ಹೊಣೆ ಅವರ ಹೆಸರು ಹೇಳುವವರ ಮೇಲಿದೆ.

ಶಾಲೆ ಬಂದರೂ ಒಂದು ವ್ಯಾಜ್ಯ ಉಳಿಯಿತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸಂಜ್ಞೆ ಕೂಡದು ಎಂದು ತೀರ್ಮಾನಿಸಿತು. ಆ ತೀರ್ಮಾನದ ನೆರಳು ನೂರು ವರ್ಷಕ್ಕೂ ಮೀರಿ ಜಗತ್ತಿನ ಶಾಲೆಗಳ ಮೇಲೆ ಬಿದ್ದಿತು. ಕೈ ಆಡಿಸಿದ ಮಕ್ಕಳ ಕೈಗೆ ಪೆಟ್ಟು ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಮಿಲಾನ್ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು.

ಸಂಜ್ಞಾ ಭಾಷೆ ಮೂಕಾಭಿನಯವಲ್ಲ. ಅದಕ್ಕೆ ವ್ಯಾಕರಣವಿದೆ, ಪ್ರಶ್ನೆಗೆ ಹುಬ್ಬು ಏರುತ್ತದೆ, ಕಾಲ-ಸ್ಥಳಗಳಿಗೆ ಮೈ ಮುಂದಿನ ಜಾಗದಲ್ಲೇ ಗೊತ್ತಾದ ನೆಲೆಗಳಿವೆ. ಸ್ವತಃ ಶ್ರವಣದೋಷವುಳ್ಳ ಮದನ್ ವಾಸಿಷ್ಠ ಅವರು ಜೇಮ್ಸ್ ವುಡ್‌ವರ್ಡ್ ಮೊದಲಾದವರೊಡನೆ 1970ರ ದಶಕದ ಕೊನೆಯಿಂದ ದೆಹಲಿ, ಕಲ್ಕತ್ತ, ಮುಂಬೈ, ಬೆಂಗಳೂರುಗಳ ಸಂಜ್ಞೆಗಳನ್ನು ಕೂಡಿಸಿ ನೋಡಿದರು. ಊರಿಂದೂರಿಗೆ ಪದಗಳು ಬೇರೆಯಾದರೂ ವ್ಯಾಕರಣ ಒಂದೇ ಎಂದು ಕಂಡುಕೊಂಡರು.

ಗಡಿನಾಡಿನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಂಕೇಶ್ವರದ ಕಿವುಡ ಹುಡುಗನಿಗೂ ಗಡಹಿಂಗ್ಲಜದ ಕಿವುಡ ಹುಡುಗನಿಗೂ ನಡುವೆ ಇರುವುದು ರಾಜ್ಯದ ಗಡಿ ಮಾತ್ರ, ಭಾಷೆಯ ಗಡಿಯಲ್ಲ. ಒಬ್ಬನ ಮನೆಯವರು ಕನ್ನಡದವರು, ಇನ್ನೊಬ್ಬನ ಮನೆಯವರು ಮರಾಠಿಯವರು. ಆದರೆ ಸಂಜ್ಞಾ ಭಾಷೆ ಕಲಿತ ಇಬ್ಬರೂ ಚಹಾದಂಗಡಿಯ ಒಂದೇ ಬೆಂಚಿನಲ್ಲಿ ಕೂತು ಒಂದೇ ಭಾಷೆಯಲ್ಲಿ ಮಾತಾಡಬಲ್ಲರು. ಈ ಸೀಮೆಗೆ ಕನ್ನಡ, ಮರಾಠಿಗಳ ಜೊತೆ ಮೂರನೆಯ ಭಾಷೆಯೊಂದಿದೆ, ಅದು ಯಾರ ಮೇಲೂ ಹಗೆ ಸಾಧಿಸದ ಭಾಷೆ.

ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2015ರಲ್ಲಿ ಹುಟ್ಟಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರಲ್ಲಿ 10,000 ತಲುಪಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಜ್ಞಾ ಭಾಷೆಯನ್ನು ದೇಶವ್ಯಾಪಿ ಏಕರೂಪಗೊಳಿಸಿ ಪಠ್ಯ ರೂಪಿಸಬೇಕೆಂದಿತು. 2024ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾದ 31ನೆಯ ಚಾನೆಲ್ ಪೂರ್ತಿಯಾಗಿ ಸಂಜ್ಞಾ ಭಾಷೆಗೆ ಮೀಸಲಾಯಿತು. ನೇಸರಿಯ ಮನೆಯಲ್ಲಿ ಡಿಶ್ ಇದ್ದರೆ ಅವ್ವ, ಅಪ್ಪ, ಅಕ್ಕ ಎಲ್ಲ ಕೂತು ಕಲಿಯಬಹುದು.

ಹಾಗೆಂದು ಬಾಯಿಮಾತು ಬೇಡವೆಂದು ನಾನು ಹೇಳುತ್ತಿಲ್ಲ. ಬೇಗ ಪತ್ತೆಯಾಗಿ, ತಕ್ಕ ಶ್ರವಣ ಸಾಧನ ಸಿಕ್ಕಿ, ಬಿಡದೆ ತರಬೇತಿ ನಡೆದರೆ ಅನೇಕ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ. ತೀವ್ರ ದೋಷವಿರುವ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ನೆರವಿದೆ. ಆದರೆ ಶಸ್ತ್ರಚಿಕಿತ್ಸೆ ಬಿತ್ತನೆಯಷ್ಟೇ. ಆಮೇಲಿನ ವರ್ಷಗಟ್ಟಲೆ ತರಬೇತಿಯೇ ನೀರು, ಕಳೆ, ಕಾವಲು. ಅದಾಗದಿದ್ದರೆ ಲಕ್ಷಾಂತರ ರೂಪಾಯಿಯ ಯಂತ್ರ ಪೆಟ್ಟಿಗೆ ಸೇರುತ್ತದೆ. ಸಾಧನವೋ ಸಂಜ್ಞೆಯೋ ಎಂಬ ಜಗಳದಲ್ಲಿ ಮಗುವಿನ ಕಾಲ ಕಳೆಯಬಾರದು. ಯಾವ ದಾರಿಯಲ್ಲಾದರೂ ಸರಿ, ಮಗುವಿಗೆ ಒಂದು ಪೂರ್ಣ ಭಾಷೆ ಸಮಯಕ್ಕೆ ಸಿಗಬೇಕು.

ಕನ್ನಡದ ಮನೆಯವರಿಗೆ ಇಲ್ಲಿ ಇನ್ನೊಂದು ಗೊಂದಲ. ತರಬೇತಿ ಕೊಡುವವರು ಮರಾಠಿಯವರು, ಶಾಲೆ ಮರಾಠಿಯದು. ಹಾಗಾದರೆ ಮನೆಯಲ್ಲೂ ಮುರುಕು ಮರಾಠಿಯನ್ನೇ ಆಡಬೇಕೇ? ಬೇಡ. ತಾಯಿ ತನಗೆ ಎದೆಯಾಳದಿಂದ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತಾಡಲಿ, ಸಂಜ್ಞೆಯನ್ನೂ ಬೆರೆಸಲಿ. ತುಂಬಿದ ಕನ್ನಡ ಪಡೆದ ಮಗು ಮರಾಠಿಯನ್ನು ಆಮೇಲೆ ಕಲಿತೀತು. ಹತ್ತು ಪದದ ಮರಾಠಿಯಷ್ಟೇ ಪಡೆದ ಮಗುವಿಗೆ ಯಾವುದೂ ಕಲಿಯಲು ನೆಲೆಯಿರುವುದಿಲ್ಲ.

ಒಂಟಿತನಕ್ಕೆ ಕೂಟವೇ ಮದ್ದು

ಕಿವಿ ಕೇಳದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹುಟ್ಟುವುದು ಕಿವಿ ಕೇಳುವ ತಂದೆ, ತಾಯಿಗೆ. ಅವರು ಮೊದಲು ನೋಡುವ ಕಿವುಡ ವ್ಯಕ್ತಿ ತಮ್ಮ ಮಗುವೇ. ಈ ಮಗು ದೊಡ್ಡದಾಗಿ ಏನಾದೀತು ಎಂಬ ಚಿತ್ರವೇ ಅವರ ಕಣ್ಣ ಮುಂದಿಲ್ಲ. ವೈದ್ಯರ ಚೀಟಿಗಿಂತ ಮುಂಚೆ ಅವರಿಗೆ ಬೇಕಾದದ್ದು ಅದೇ ದಾರಿ ನಡೆದ ಇನ್ನೊಬ್ಬ ತಾಯಿ, ಮತ್ತು ಕೆಲಸ, ಸಂಸಾರ ಮಾಡಿಕೊಂಡಿರುವ ಒಬ್ಬ ಕಿವುಡ ಹಿರಿಯ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಮರ್ಮವನ್ನು ಅರಿತಿತ್ತು. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ತರಬೇತಿ ಪಡೆಯುತ್ತಾರೆ. ಅಲ್ಲಿ ಕಲಿತದ್ದನ್ನು ಅವರು ಮನೆಯ ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ದಿನವಿಡೀ ಮುಂದುವರಿಸುತ್ತಾರೆ. ನೇಸರಿಯಿಂದ ಮೈಸೂರು ಐನೂರು ಕಿಲೋಮೀಟರಿಗೂ ದೂರ. ಮಹಾರಾಷ್ಟ್ರದ ಕಡೆಯ ದೊಡ್ಡ ಸಂಸ್ಥೆ, 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, ಮುಂಬೈಯ ಬಾಂದ್ರಾದಲ್ಲಿದೆ. ಎರಡೂ ದೂರವಾದ ಸೀಮೆಗೆ ಆ ಸಂಸ್ಥೆಗಳನ್ನು ತರಲಾಗದಿದ್ದರೂ ಅವುಗಳ ವಿಧಾನವನ್ನು ತರಬಹುದು. ಗಡಹಿಂಗ್ಲಜ, ಸಂಕೇಶ್ವರ, ನಿಪ್ಪಾಣಿ, ಇಚಲಕರಂಜಿಗಳಲ್ಲಿ ತಿಂಗಳಿಗೊಂದು ಭಾನುವಾರ ಇಂಥ ತಾಯಂದಿರು ಒಂದೆಡೆ ಸೇರಿದರೆ ಸಾಕು. ಒಂದು ಶಾಲೆಯ ಕೋಣೆ, ಒಂದು ಚಾಪೆ, ಒಬ್ಬ ತರಬೇತುದಾರ, ಸಂಜ್ಞೆ ಬಲ್ಲ ಇಬ್ಬರು ಕಿವುಡ ಯುವಕರು. ಖರ್ಚು ಹೆಚ್ಚೇನಿಲ್ಲ.

ಇಡೀ ಊರು ಕೈಮಾತು ಕಲಿಯುವುದು ಕನಸಲ್ಲವೆಂದು ತಿಳಿಯಲು ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ನೋಡಬೇಕು. ವಂಶಪಾರಂಪರ್ಯವಾಗಿ ಬಂದ ಕಿವುಡುತನದಿಂದಾಗಿ ಆ ಊರಲ್ಲಿ ಕಿವಿ ಕೇಳದವರು ಹೆಚ್ಚು. ಹೊರಗಿನ ಯಾರೂ ಕಲಿಸದೆ ಅಲ್ಲಿ ತನ್ನದೇ ಆದ ಸಂಜ್ಞಾ ಭಾಷೆ ಬೆಳೆದಿದೆ. ಕಿವಿ ಕೇಳುವ ಅನೇಕರೂ ಅದನ್ನು ಬಲ್ಲರು. ಸಿಬಾಜಿ ಪಂಡಾ ಎಂಬ ಸಂಶೋಧಕರು ಅದನ್ನು ದಾಖಲಿಸಿದ್ದಾರೆ. ಅಲ್ಲಿಯ ಕಿವುಡರು ಊರೊಳಗೇ ಬೆರೆತಿದ್ದಾರೆ, ಏಕೆಂದರೆ ಊರು ಅವರ ಭಾಷೆ ಕಲಿತಿದೆ.

ಪೆಟ್ಟಿಗೆಯಲ್ಲಿ ಮಲಗಿದ ಕಿವಿ ಮಷಿನ್

ಶಿಬಿರದಲ್ಲಿ ಸಿಕ್ಕ ‘ಕಿವಿ ಮಷಿನ್’ ಎಷ್ಟು ಮನೆಗಳ ಕಪಾಟಿನಲ್ಲಿ ಸುಮ್ಮನೆ ಮಲಗಿದೆ! ‘ಬರೇ ಗದ್ದಲ ಕೇಳಸತೈತ್ರಿ’ ಎನ್ನುತ್ತಾರೆ ಹಿರಿಯರು. ತಪ್ಪು ಅವರದಲ್ಲ. ಕನ್ನಡಕಕ್ಕೆ ಹೇಗೆ ಕಣ್ಣಿನ ನಂಬರ್ ಬೇಕೋ, ಶ್ರವಣ ಸಾಧನಕ್ಕೆ ಆಡಿಯೋಗ್ರಾಮ್ ಬೇಕು. ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಬೇಕು. ಹಾಕಿಕೊಂಡ ಮೇಲೆ ಎರಡು ಮೂರು ಸಲ ಸರಿಪಡಿಸಬೇಕು. ವರ್ಷಗಳ ನಂತರ ಸದ್ದು ಕೇಳುವ ಮಿದುಳಿಗೆ ಅದಕ್ಕೆ ಒಗ್ಗಲು ವಾರಗಳು ಬೇಕು. ದಿನಕ್ಕೆ ಒಂದೆರಡು ಗಂಟೆ, ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತಾಡುತ್ತ ಶುರು ಮಾಡಿ ಮೆಲ್ಲಗೆ ಹೆಚ್ಚಿಸಬೇಕು.

ಆಜರಾ, ಚಂದಗಡದ ಮಳೆ ಬಲ್ಲವರಿಗೆ ಹೇಳಬೇಕಾದ ಇನ್ನೊಂದು ಮಾತು: ಮುಂಗಾರಿನ ತೇವ, ಹೊಲದ ಬೆವರು ಈ ಯಂತ್ರದ ಶತ್ರು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಇಷ್ಟು ಮಾಡಿದರೆ ಯಂತ್ರದ ಆಯುಷ್ಯ ಹೆಚ್ಚುತ್ತದೆ.

ಮನೆಯವರೂ ಕಲಿಯಬೇಕು. ಬೆನ್ನ ಹಿಂದಿನಿಂದ ಕೂಗಬೇಡಿ, ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು ಮಾತಾಡಿ. ಚೀರಬೇಡಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಟೀವಿ ಆರಿಸಿ. ‘ಏನಿಲ್ಲ ಬಿಡು ಮುತ್ಯಾ’ ಎಂದು ಮಾತು ಮುಗಿಸಬೇಡಿ. ಎಲ್ಲರೂ ನಕ್ಕಾಗ ತಾನೂ ಸುಮ್ಮನೆ ನಗುವ ಹಿರಿಯರಿಗೆ ಆ ನಗೆಯ ಕಾರಣ ತಿಳಿಯುವ ಹಕ್ಕಿದೆ. ಕೇಳಿಸದೆ ಒಂಟಿಯಾದ ಮನಸ್ಸು ಬೇಗ ಮಂಕಾಗುತ್ತದೆ. ಮರೆವಿನ ಕಾಯಿಲೆಗೆ ಕಾರಣವಾಗುವ, ತಡೆಯಬಹುದಾದ ಅಂಶಗಳಲ್ಲಿ ಶ್ರವಣದೋಷವೂ ಮುಖ್ಯವೆಂದು ವೈದ್ಯಲೋಕ ಒಪ್ಪಿದೆ.

ಮಾತಿನಲ್ಲೂ ಎಚ್ಚರ ಬೇಕು. ‘ಕೆಪ್ಪ’, ‘ಮೂಗ’ ಎಂದು ಕರೆದು ಕರೆದು ಮಗುವಿನ ಹೆಸರನ್ನೇ ಅಳಿಸುವ ಊರುಗಳಿವೆ. ಆ ಮಗುವಿಗೆ ಹೆತ್ತವರು ಇಟ್ಟ ಹೆಸರಿದೆ. ಅದನ್ನೇ ಕರೆಯಿರಿ. ಸಂಜ್ಞಾ ಭಾಷೆಯಲ್ಲಾದರೆ ಪ್ರತಿಯೊಬ್ಬರಿಗೂ ಒಂದು ಸಂಜ್ಞಾ ಹೆಸರು ಕೊಡುವ ಚೆಂದದ ಪದ್ಧತಿಯಿದೆ.

ಗಡಿ ದಾಟುವ ಚೀಟಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಊನಗಳನ್ನು ಗುರುತಿಸಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣದೋಷವಿದ್ದರೆ ‘ಕಿವುಡು’, 60ರಿಂದ 70 ಇದ್ದರೆ ‘ಮಂದ ಶ್ರವಣ’. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರ ಶೇ 4ರಲ್ಲಿ ಶೇ 1 ಇವರದು. ಯುಡಿಐಡಿ ಕಾರ್ಡು ದೇಶವ್ಯಾಪಿ ಗುರುತು, ಗಡಿಯ ಎರಡೂ ಕಡೆ ನಡೆಯುತ್ತದೆ. ಪಿಂಚಣಿ, ಬಸ್ ರಿಯಾಯಿತಿ ಮಾತ್ರ ಆಯಾ ರಾಜ್ಯದ್ದು. ಮದುವೆಯಾಗಿ ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಬಂದ ಹೆಣ್ಣುಮಗಳು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಕಿವಿ ಕೇಳದ ಆಕೆಗೆ ಕಚೇರಿಯ ಕಿಟಕಿಯಲ್ಲಿ ಯಾವ ಭಾಷೆಯಲ್ಲಿ ಉತ್ತರ ಸಿಗುತ್ತದೆ? ಎರಡು ಜಿಲ್ಲಾಡಳಿತಗಳು ಕೂತು ಮಾತಾಡಿದರೆ ಮುಗಿಯುವ ಸಮಸ್ಯೆ ಇದು.

ಕಾಯ್ದೆಯ ಗೆರೆಯಿಂದ ಸ್ವಲ್ಪ ಹೊರಗಿರುವ ಮಗುವನ್ನೂ ಮರೆಯಬಾರದು. 45 ಡೆಸಿಬಲ್ ದೋಷದ ಮಗುವಿಗೆ ಪ್ರಮಾಣಪತ್ರ ಸಿಗದು, ಆದರೆ ಹಿಂದಿನ ಬೆಂಚಿನಲ್ಲಿ ಅದಕ್ಕೆ ಪಾಠವೂ ಸಿಗದು. ‘ದಡ್ಡ’, ‘ಲಕ್ಷ್ಯ ಇಲ್ಲ’ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಮಾಸ್ತರರು ಒಮ್ಮೆ ಆ ಮಗುವನ್ನು ಮುಂದಿನ ಬೆಂಚಿಗೆ ಕೂರಿಸಿ, ಕಿವಿ ಪರೀಕ್ಷೆಗೆ ಕಳಿಸಲಿ.

ಪ್ರತಿ ವರ್ಷ ಮಾರ್ಚ್ 3 ವಿಶ್ವ ಶ್ರವಣ ದಿನ, ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷಾ ದಿನ. ಭಾಷಣಕ್ಕಿಂತ ಈ ಎರಡು ದಿನ ಕೆಲಸಕ್ಕೆ ಬಳಕೆಯಾಗಲಿ. ಮಾರ್ಚ್‌ನಲ್ಲಿ ಊರಿನ ಎಲ್ಲ ಎಳೆಗೂಸುಗಳ, ಮಗ್ಗದ ಎಲ್ಲ ಕೆಲಸಗಾರರ ಕಿವಿ ಪರೀಕ್ಷೆಯಾಗಲಿ. ಸೆಪ್ಟೆಂಬರ್‌ನಲ್ಲಿ ಶಾಲೆಯ ಎಲ್ಲ ಮಕ್ಕಳೂ ಇಪ್ಪತ್ತು ಸಂಜ್ಞೆ ಕಲಿಯಲಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಓಣಿಯಲ್ಲಿ ಎರಡು ವರ್ಷ ತುಂಬಿಯೂ ಮಾತಾಡದ ಮಗುವಿದ್ದರೆ ಆ ತಾಯಿಗೆ ಸಮಾಧಾನ ಹೇಳಿ ಸುಮ್ಮನಾಗಬೇಡಿ. ಈ ವಾರವೇ ಅವಳ ಜೊತೆ ಆಸ್ಪತ್ರೆಗೆ ಹೋಗಿ. ಕನ್ನಡವೋ ಮರಾಠಿಯೋ ಸಂಜ್ಞೆಯೋ, ಯಾವುದಾದರೂ ಒಂದು ಭಾಷೆಯಲ್ಲಿ ಆ ಮಗು ಅವಳನ್ನು ‘ಅವ್ವಾ’ ಎಂದು ಕರೆಯಬೇಕು. ಕರೆಯಬಲ್ಲದು.